ಸೋತ ಹಾಡಿಗೇ ಜಾಸ್ತಿ ಬೆಲೆ ಯಾಕೆ?

ಪ್ರಶ್ನೆ: ಸರ್, ನಾನು ದಾವಣಗೆರೆಯವನು, ಈಗ ಮ್ಯಾಂಚೆಸ್ಟರ್‌ನಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ಹೋದ ತಿಂಗಳು ಗೆಳೆಯನೊಬ್ಬ ಇಲ್ಲಿನ ಒಂದು ನಾರ್ದರ್ನ್ ಸೋಲ್ ರಾತ್ರಿಗೆ, ಅಂದರೆ ಹಳೆ ಅಮೆರಿಕನ್ ಹಾಡುಗಳಿಗೆ ಕುಣಿಯುವ ಕೂಟಕ್ಕೆ, ಕರೆದುಕೊಂಡು ಹೋದ. ಅರವತ್ತು ದಾಟಿದವರೆಲ್ಲ ನೆಲಕ್ಕೆ ಪೌಡರ್ ಉದುರಿಸಿಕೊಂಡು ಗಿರಗಿರ ತಿರುಗುತ್ತಿದ್ದರು. ಅವತ್ತಿನಿಂದ ಆ ಹಾಡುಗಳು ತಲೆಯಿಂದ ಹೋಗುತ್ತಲೇ ಇಲ್ಲ. ಮೂಲೆಯಲ್ಲಿ ಹಳೆ ರೆಕಾರ್ಡ್ ಮಾರುತ್ತಿದ್ದರು. ನನಗೆ ಇಷ್ಟವಾದ ಹಾಡಿನ ಚಿಕ್ಕ ರೆಕಾರ್ಡಿಗೆ 400 ಪೌಂಡ್ ಅಂದರು! ಅದೇ ಹಾಡು ಫೋನಿನಲ್ಲಿ ಪುಕ್ಕಟೆ ಸಿಗುತ್ತದೆ. ಇಷ್ಟು ಬೆಲೆ ಯಾಕೆ? ಹೊಸದಾಗಿ ಒತ್ತಿದ ಕಾಪಿ ಕೊಂಡರೆ ಅವರೆಲ್ಲ ನಗುತ್ತಾರಾ? ನಾನೂ ಶುರು ಮಾಡೋದಾದರೆ ಎಲ್ಲಿಂದ ಶುರು ಮಾಡಲಿ?

ಉತ್ತರ: ಮೊದಲು ಆ 400 ಪೌಂಡ್ ಜೇಬಿನಲ್ಲೇ ಇರಲಿ. ರೂಮಿನ ಬಾಡಿಗೆ ಕಟ್ಟಿ. ಆ ರೆಕಾರ್ಡ್ ಎಲ್ಲಿಗೂ ಓಡಿಹೋಗೋದಿಲ್ಲ, ಸುಮಾರು ಅರವತ್ತು ವರ್ಷ ಕಾದಿದೆ, ನಿಮಗೆ ಕೆಲಸ ಸಿಗುವ ತನಕ ಇನ್ನೆರಡು ವರ್ಷ ಕಾಯುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಅಂದ್ರೆ, ಆ ಹಾಡು ಸೋತಿದ್ದಕ್ಕೇ ಅದಕ್ಕೆ ಆ ಬೆಲೆ. ಅಮೆರಿಕದ ಕಪ್ಪು ಜನರ ಈ ಸಂಗೀತಕ್ಕೆ ಸೋಲ್ ಅನ್ನೋ ಹೆಸರು ಕನ್ನಡದ ಕಿವಿಗೆ ಹೇಗೆ ಕೇಳಿಸುತ್ತೆ ನೋಡಿ, ನಾರ್ದರ್ನ್ ಸೋಲ್ ಮಟ್ಟಿಗಂತೂ ಅದು ಸರಿಯಾಗೇ ಇದೆ. ಬೇರೆ ಎಲ್ಲ ಸಂಗೀತದಲ್ಲೂ ಗೆದ್ದ ಹಾಡನ್ನು ಜನ ಹೊತ್ತು ಮೆರೆಸುತ್ತಾರೆ. ಇಲ್ಲಿ ಮಾತ್ರ ಹುಟ್ಟಿದ ಊರಿನಲ್ಲಿ ಯಾರೂ ಮೂಸಿ ನೋಡದ ಹಾಡಿಗೇ ಮೆರವಣಿಗೆ.

ಹೇಗಾಯ್ತು ಇದು? 1959ರಲ್ಲಿ ಡೆಟ್ರಾಯಿಟ್‌ನಲ್ಲಿ ಬೆರಿ ಗಾರ್ಡಿ ಮೋಟೌನ್ ಅನ್ನೋ ರೆಕಾರ್ಡ್ ಕಂಪನಿ ಶುರು ಮಾಡಿದರು. ಒಂದು ಮನೆ, ಅದರೊಳಗೇ ಸ್ಟುಡಿಯೊ, ದಿನಗೂಲಿ ಹಾಗೆ ಬಂದು ನುಡಿಸುವ ಒಂದಷ್ಟು ಅದ್ಭುತ ವಾದ್ಯಗಾರರು. 1964, 65ರ ಹೊತ್ತಿಗೆ ಆ ಮನೆಯಿಂದ ಹೊರಬಂದದ್ದೆಲ್ಲ ಅಮೆರಿಕದ ತುಂಬ ಓಡುತ್ತಿತ್ತು. ಒಬ್ಬ ಇಡ್ಲಿ ಹೋಟೆಲ್ ಇಟ್ಟು ಗೆದ್ದರೆ ಅದೇ ಬೀದಿಯಲ್ಲಿ ಹತ್ತು ಇಡ್ಲಿ ಹೋಟೆಲ್ ಆಗುತ್ತೆ ಅಲ್ವಾ, ಹಾಗೆ ಡೆಟ್ರಾಯಿಟ್, ಷಿಕಾಗೊ, ಫಿಲಡೆಲ್ಫಿಯಾ, ಲಾಸ್ ಏಂಜಲೀಸ್ ಎಲ್ಲ ಕಡೆ ಸಣ್ಣಪುಟ್ಟ ಕಂಪನಿಗಳು ಹುಟ್ಟಿಕೊಂಡವು. ಕೆಲವಕ್ಕೆ ಆಫೀಸೂ ಇರಲಿಲ್ಲ, ಒಂದು ಫೋನ್ ನಂಬರು ಅಷ್ಟೆ. ಒಬ್ಬ ಒಳ್ಳೆ ಹಾಡುಗಾರ, ಒಂದು ಮಧ್ಯಾಹ್ನದ ರೆಕಾರ್ಡಿಂಗ್, ಐನೂರೋ ಸಾವಿರವೋ ಕಾಪಿ. ಊರಿನ ರೇಡಿಯೊದವರು ಹಾಕಿದರೆ ಅದೃಷ್ಟ. ಹಾಕದಿದ್ದರೆ ಪೆಟ್ಟಿಗೆಗಳು ಗೋದಾಮಿನಲ್ಲಿ ಧೂಳು ತಿನ್ನುತ್ತಿದ್ದವು. ಹಾಡು ಚೆನ್ನಾಗಿಲ್ಲ ಅಂತ ಸೋತದ್ದಲ್ಲ. ಎಷ್ಟೋ ಸಲ ಹಾಡು ಬಹಳ ಚೆನ್ನಾಗಿತ್ತು, ಕೈಯಲ್ಲಿ ದುಡ್ಡಿರಲಿಲ್ಲ.

ಇನ್ನು ಈ ಕಡೆ, ನೀವಿರುವ ಊರಿಗೇ ಬನ್ನಿ. ಪಿಕಾಡಿಲಿ ಸ್ಟೇಷನ್ನಿಂದ ಇಳಿದು ವಿಟ್ವರ್ತ್ ಸ್ಟ್ರೀಟ್ ಕಡೆ ನಡೆದರೆ ಒಂದು ಕಾಲಕ್ಕೆ ಅಲ್ಲಿ ಟ್ವಿಸ್ಟೆಡ್ ವೀಲ್ ಅನ್ನೋ ಕ್ಲಬ್ ಇತ್ತು. ಶನಿವಾರ ರಾತ್ರಿ ಶುರುವಾದರೆ ಭಾನುವಾರ ಬೆಳಗಾಗುವ ತನಕ ಕುಣಿತ. ಬರುತ್ತಿದ್ದವರು ಗಿರಣಿ, ಫ್ಯಾಕ್ಟರಿಗಳಲ್ಲಿ ದುಡಿಯುವ ಹುಡುಗ ಹುಡುಗಿಯರು. ಅವರಿಗೆ ಬೇಕಾದದ್ದು 60ರ ದಶಕದ ನಡುವಿನ ಆ ಜೋರು ತಾಳ. ಆದರೆ 60ರ ದಶಕ ಮುಗಿಯುತ್ತಾ ಬಂದ ಹಾಗೆ ಅಮೆರಿಕದ ಸಂಗೀತ ಬದಲಾಯಿತು, ಫಂಕ್ ಅನ್ನೋ ಹೊಸ ಶೈಲಿ ಬಂತು, ತಾಳ ನಿಧಾನವಾಯಿತು. ಲಂಡನ್ನಿನವರು ಅದರ ಹಿಂದೆ ಹೋದರು. ಉತ್ತರದವರು ಜಪ್ಪಯ್ಯ ಅಂದರೂ ಕದಲಲಿಲ್ಲ.

ಲಂಡನ್ನಿನ ಕೋವೆಂಟ್ ಗಾರ್ಡನ್‌ನಲ್ಲಿ ಸೋಲ್ ಸಿಟಿ ಅಂತ ಅಂಗಡಿ ಇಟ್ಟಿದ್ದ ಡೇವ್ ಗಾಡಿನ್ ಇದನ್ನು ಗಮನಿಸಿದರು. ಫುಟ್‌ಬಾಲ್ ಮ್ಯಾಚಿಗೆ ಅಂತ ಉತ್ತರದಿಂದ ಬಂದ ಹುಡುಗರು ಅಂಗಡಿಗೆ ನುಗ್ಗಿ ಹೊಸದನ್ನೆಲ್ಲ ಬಿಟ್ಟು ಹಳೆಯ ಜೋರು ಹಾಡುಗಳನ್ನೇ ಕೇಳುತ್ತಿದ್ದರಂತೆ. ಅಂಥವರು ಬಂದಾಗ ಯಾವುದನ್ನು ತೋರಿಸಬೇಕು ಅಂತ ಅಂಗಡಿ ಹುಡುಗರಿಗೆ ಗುರುತು ಹೇಳೋಕೆ ಹುಟ್ಟಿದ ಹೆಸರೇ ನಾರ್ದರ್ನ್ ಸೋಲ್. 1970ರಲ್ಲಿ ಒಂದು ಪತ್ರಿಕೆಯ ಅಂಕಣದಲ್ಲಿ ಅವರು ಅದನ್ನು ಬರೆದರು, ಹೆಸರು ನಿಂತುಬಿಟ್ಟಿತು. ಅಮೆರಿಕದ ಕಪ್ಪು ಜನರ ಸಂಗೀತಕ್ಕೆ ಇಂಗ್ಲೆಂಡಿನ ಉತ್ತರದ ಹೆಸರು!

ಈಗ ಇಲ್ಲಿಯ ಇಕ್ಕಟ್ಟು ನೋಡಿ. ವಾರವಾರ ಕುಣಿಯುವವರಿಗೆ ಹೊಸ ಹಾಡು ಬೇಕು, ಆದರೆ ಅದು ಹಳೆಯದೇ ಆಗಿರಬೇಕು. ಗೆದ್ದ ಹಾಡುಗಳೆಲ್ಲ ಆಗಲೇ ಗೊತ್ತು. ಹಾಗಾದರೆ ಉಳಿದದ್ದು ಏನು? ಸೋತವು. ಡಿಜೆಗಳು, ವ್ಯಾಪಾರಿಗಳು ಅಮೆರಿಕಕ್ಕೇ ಹಾರಿ ಗೋದಾಮುಗಳಲ್ಲಿ ಕೂತು ಸಾವಿರಗಟ್ಟಲೆ ರೆಕಾರ್ಡ್ ತಿರುವಿ ಹಾಕಿದರು. ಗ್ಲೋರಿಯಾ ಜೋನ್ಸ್ ಹಾಡಿದ್ದ ‘ಟೇಂಟೆಡ್ ಲವ್’ 1965ರಲ್ಲಿ ಒಂದು ರೆಕಾರ್ಡಿನ ಹಿಂಬದಿಗೆ ಹಾಕಿ ಬಿಟ್ಟ ಹಾಡು, ಯಾರೂ ಕೇಳಲಿಲ್ಲ. ರಿಚರ್ಡ್ ಸರ್ಲಿಂಗ್ ಅನ್ನೋ ಡಿಜೆ 1973ರಲ್ಲಿ ಫಿಲಡೆಲ್ಫಿಯಾದಲ್ಲಿ ಅದನ್ನು ಕೊಂಡು ತಂದರು. ಉತ್ತರದ ಕ್ಲಬ್ಬುಗಳಲ್ಲಿ ಅದು ಓಡಿತು, ಆಮೇಲೆ 1981ರಲ್ಲಿ ಸಾಫ್ಟ್ ಸೆಲ್ ಅನ್ನೋ ತಂಡದವರು ಅದನ್ನೇ ಮತ್ತೆ ಹಾಡಿ ಬ್ರಿಟನ್ನಿನಲ್ಲಿ ನಂಬರ್ ಒನ್ ಮಾಡಿದರು. ಆರ್. ಡೀನ್ ಟೇಲರ್‌ದು ಇನ್ನೊಂದು ಕಥೆ. 1967ರಲ್ಲಿ ಮಕಾಡೆ ಮಲಗಿದ ಅವರ ಹಾಡು 1974ರಲ್ಲಿ ಇಲ್ಲಿನ ಪಟ್ಟಿಯಲ್ಲಿ ಮೂರನೇ ಜಾಗಕ್ಕೆ ಏರಿತು. ಏಳು ವರ್ಷ ತಡವಾಗಿ.

ವಿಗನ್ ಕಸೀನೊ ಅನ್ನೋ ಕುಣಿತದ ಕ್ಲಬ್ಬಿನ ಹೆಸರು ನಿಮ್ಮ ಗೆಳೆಯ ಹೇಳಿಯೇ ಇರುತ್ತಾನೆ. ಮ್ಯಾಂಚೆಸ್ಟರ್‌ನಿಂದ ರೈಲಿನಲ್ಲಿ ಮುಕ್ಕಾಲು ಗಂಟೆಯೂ ಇಲ್ಲ. 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರ್ ತನಕ ನಡೆಯಿತು. ಎಲ್ಲ ಕ್ಲಬ್ಬೂ ಬಾಗಿಲು ಹಾಕುವ ಹೊತ್ತಿಗೆ ಇದು ತೆರೆಯುತ್ತಿತ್ತು, ಬೆಳಗ್ಗೆ ಎಂಟಕ್ಕೆ ಮುಗಿಯುತ್ತಿತ್ತು. ಒಳಗೆ ಮದ್ಯ ಇಲ್ಲ. (ಅಮಲಿನ ಮಾತ್ರೆ ಇತ್ತು, ಅದು ಬೇರೆ ವಿಷಯ, ಅದರಿಂದ ಹಾಳಾದವರೂ ಇದ್ದಾರೆ, ಹಳಬರು ಅದನ್ನು ನಗುತ್ತಾ ಹೇಳಿದರೂ ನೀವು ನಗಬೇಡಿ.) ಕೊನೆಗೆ ಪ್ರತಿ ಸಲವೂ ಅದೇ ಮೂರು ಹಾಡು. ಈಗಲೂ ಆ ಮೂರು ಶುರುವಾದರೆ ಕುರ್ಚಿಯಲ್ಲಿ ಕೂತ ಮಂಡಿನೋವಿನವರೂ ಏಳುತ್ತಾರೆ, ನೋಡಿರಬಹುದು ನೀವು.

ಆ ಕಾಲದ ಡಿಜೆಗೆ ಅವನ ಪೆಟ್ಟಿಗೆಯೇ ಆಸ್ತಿ. ಬೇರೆ ಯಾರ ಹತ್ತಿರವೂ ಇಲ್ಲದ ಹಾಡು ತನ್ನ ಹತ್ತಿರ ಇದ್ದರೆ ಜನ ಮೂರು ಊರು ದಾಟಿ ಬರುತ್ತಾರೆ. ಹಾಗಾಗಿ ಏನು ಮಾಡುತ್ತಿದ್ದರು ಗೊತ್ತಾ, ರೆಕಾರ್ಡಿನ ಲೇಬಲ್ ಮೇಲೆ ಖಾಲಿ ಕಾಗದ ಅಂಟಿಸಿ ಹಾಡುಗಾರನಿಗೂ ಹಾಡಿಗೂ ಸುಳ್ಳು ಹೆಸರು ಕೊಟ್ಟುಬಿಡುತ್ತಿದ್ದರು. ಇದಕ್ಕೆ ಕವರ್-ಅಪ್ ಅಂತಾರೆ. ಅಡುಗೆ ಭಟ್ಟರು ಮಸಾಲೆಯ ಗುಟ್ಟು ಬಿಡೋದಿಲ್ಲ ಅಲ್ವಾ, ಹಾಗೇ. ಹೆಸರು ಗೊತ್ತಾದರೆ ಮಾರನೇ ದಿನ ಎದುರಾಳಿ ಹುಡುಕಿ ತರುತ್ತಾನೆ, ಅಥವಾ ಯಾರೋ ಕಳ್ಳ ಕಾಪಿ ಒತ್ತಿಸಿ ಮಾರುತ್ತಾನೆ.

ಫ್ರ್ಯಾಂಕ್ ವಿಲ್ಸನ್ ಅವರ ‘ಡೂ ಐ ಲವ್ ಯು’ ಹೀಗೇ ಬೇರೆ ಹೆಸರಿನಲ್ಲಿ ಓಡಿತು. ಅದು ಮೋಟೌನಿನದೇ ಇನ್ನೊಂದು ಬ್ರ್ಯಾಂಡ್ ಆದ ಸೋಲ್ ಅನ್ನೋ ಲೇಬಲ್‌ಗೆ 1965ರಲ್ಲಿ ಒತ್ತಿದ್ದು. ರೇಡಿಯೊದವರಿಗೆ ಕೊಡೋಕೆ ಅಂತ ಮಾಡಿದ ಸ್ವಲ್ಪ ಕಾಪಿಗಳನ್ನೂ ಕಂಪನಿ ನಾಶ ಮಾಡಿತು. ವಿಲ್ಸನ್ ಹಾಡೋದು ಬಿಟ್ಟು ಬೇರೆಯವರ ಹಾಡು ಬರೆಯುತ್ತಾ, ಮಾಡಿಸುತ್ತಾ ಮೋಟೌನಿನಲ್ಲೇ ದೊಡ್ಡವರಾದರು. ಉಳಿದ ಕಾಪಿಗಳು ಒಂದು ಕೈಯ ಬೆರಳಿನಷ್ಟು. ಅದರಲ್ಲಿ ಒಂದು 2009ರಲ್ಲಿ 25,742 ಪೌಂಡಿಗೆ ಹೋಯಿತು. ಎರಡೂವರೆ ನಿಮಿಷದ ಹಾಡು!

ಈಗ ನಿಮಗೆ 400ರ ಲೆಕ್ಕ ಅರ್ಥವಾಗಿರಬೇಕು. ಅದು ಹಾಡಿನ ಬೆಲೆ ಅಲ್ಲ. ಎಷ್ಟು ಕಾಪಿ ಉಳಿದಿದೆ, ಎಷ್ಟು ಜನಕ್ಕೆ ಬೇಕು, ಅಷ್ಟರ ಬೆಲೆ. ಅಪರೂಪಕ್ಕೂ ಚೆಂದಕ್ಕೂ ಸಂಬಂಧವೇ ಇಲ್ಲ. ಇದನ್ನು ನಾನು ತಡವಾಗಿ ಕಲಿತೆ. ನನ್ನ ಕಪಾಟಿನಲ್ಲಿ ದುಬಾರಿ ಆದರೂ ವರ್ಷಕ್ಕೊಮ್ಮೆಯೂ ಹಾಕದ ರೆಕಾರ್ಡುಗಳಿವೆ. ಮೂರು ಪೌಂಡ್ ಕೊಟ್ಟು ತಂದ, ಮೋಟೌನಿನ ಫೋರ್ ಟಾಪ್ಸ್ ತಂಡದ ರೆಕಾರ್ಡನ್ನು ವಾರಕ್ಕೆರಡು ಸಲ ಹಾಕುತ್ತೇನೆ.

ಅದಕ್ಕೇ ನನ್ನ ಸಲಹೆ, ಗೆದ್ದ ಹಾಡುಗಳಿಂದ ಶುರು ಮಾಡಿ. ಈ ಮಾತು ಹೇಳಿದರೆ ಹಳೆ ನಾರ್ದರ್ನ್ ಮಂದಿ ಮುಖ ಸಿಂಡರಿಸುತ್ತಾರೆ, ಸಿಂಡರಿಸಲಿ. ಗೆದ್ದ ಹಾಡು ಅಂದರೆ ಲಕ್ಷಗಟ್ಟಲೆ ಒತ್ತಿದ್ದಾರೆ ಅಂತ ಅರ್ಥ, ಹಾಗಾಗಿ ಅಗ್ಗ. ಬ್ರಿಟನ್ನಿನಲ್ಲಿ 1965ರ ಮಾರ್ಚಿನಲ್ಲಿ ಟ್ಯಾಮ್ಲಾ ಮೋಟೌನ್ ಅಂತ ಪ್ರತ್ಯೇಕ ಲೇಬಲ್ಲೇ ಶುರುವಾಯಿತು, ರೆಕಾರ್ಡಿನ ನಡುವಿನ ಕಾಗದ ಕಪ್ಪು, ಟಿಎಂಜಿ ಅಂತ ನಂಬರ್, 501ರಿಂದ ಶುರು. ಇವುಗಳಲ್ಲಿ ಓಡಿದ ಹಾಡುಗಳು ನಿಮ್ಮ ಊರಿನ ಚಾರಿಟಿ ಅಂಗಡಿಗಳಲ್ಲಿ, ರೆಕಾರ್ಡ್ ಸಂತೆಗಳಲ್ಲಿ ಈಗಲೂ ಒಂದು ಊಟದ ದುಡ್ಡಿಗೆ ಸಿಗುತ್ತವೆ. ಹಾಗೇ ಮೆಂಫಿಸ್‌ನ ಸ್ಟ್ಯಾಕ್ಸ್. ಹಳೆ ಸಿನಿಮಾ ಟಾಕೀಸನ್ನು ಸ್ಟುಡಿಯೊ ಮಾಡಿಕೊಂಡಿದ್ದ ಕಂಪನಿ, ಮೋಟೌನಿನಷ್ಟು ಪಾಲಿಶ್ ಇಲ್ಲ, ಬೆವರು ಜಾಸ್ತಿ. ಹಾಡುಗಾರ ಓಟಿಸ್ ರೆಡಿಂಗ್ ಅಲ್ಲೇ ಹಾಡುತ್ತಿದ್ದವರು, 1967ರ ಡಿಸೆಂಬರಿನಲ್ಲಿ ವಿಮಾನ ಬಿದ್ದು ತೀರಿಕೊಂಡಾಗ ಅವರಿಗೆ 26 ವರ್ಷ. ನಿಧಾನದ ಹಾಡು ಇಷ್ಟ ಆದರೆ ಡೀಪ್ ಸೋಲ್ ಅನ್ನೋದನ್ನು ಹುಡುಕಿ. ಕುಣಿಯೋಕೆ ಬರೋದಿಲ್ಲ ಅಂತ ಎಷ್ಟೋ ವರ್ಷ ಅದನ್ನು ಯಾರೂ ಮುಟ್ಟುತ್ತಿರಲಿಲ್ಲ, ನಾನು ಮಾತ್ರ ಚೆನ್ನಾಗಿ ಲಾಭ ಮಾಡಿಕೊಂಡೆ.

ಫೋನಿನಲ್ಲಿ ಪುಕ್ಕಟೆ ಇರುವಾಗ ರೆಕಾರ್ಡ್ ಯಾಕೆ ಅಂದಿರಿ. ಒಳ್ಳೆ ಪ್ರಶ್ನೆ. ‘ವಿನೈಲಿನ ಬೆಚ್ಚನೆಯ ಸದ್ದು’ ಅಂತೆಲ್ಲ ಹೇಳುವವರ ಮಾತು ನನಗೆ ಅಷ್ಟು ಹಿಡಿಸೋದಿಲ್ಲ. ಆದರೆ ಒಂದು ನಿಜವಾದ ಕಾರಣ ಇದೆ. 60ರ ದಶಕದಲ್ಲಿ ಈ ಹಾಡುಗಳನ್ನು ಮಿಕ್ಸ್ ಮಾಡಿದ್ದು 45ಕ್ಕೆ, ಅಂದರೆ ನಿಮಿಷಕ್ಕೆ 45 ಸುತ್ತು ತಿರುಗುವ ಚಿಕ್ಕ ರೆಕಾರ್ಡಿಗೆ, ಅದೂ ಮೋನೊದಲ್ಲಿ, ಎಲ್ಲ ಸದ್ದೂ ಒಂದರಲ್ಲೇ ಸೇರಿದ ಹಾಗೆ. ಕಾರಿನ ರೇಡಿಯೊದಲ್ಲಿ ಹೇಗೆ ಕೇಳುತ್ತದೆ ಅಂತ ನೋಡೋಕೆ ಮೋಟೌನಿನಲ್ಲಿ ಚಿಕ್ಕ ಸ್ಪೀಕರ್ ಇಟ್ಟುಕೊಂಡಿದ್ದರು. ಸ್ಟೀರಿಯೊ ಮಿಕ್ಸ್‌ಗಳು ಬಹಳಷ್ಟು ಆಮೇಲೆ ದೊಡ್ಡ ರೆಕಾರ್ಡಾದ ಎಲ್‌ಪಿಗೆ ಅಂತ ಮಾಡಿದವು. ಅದರಲ್ಲಿ ಡ್ರಮ್ಮು ಒಂದು ಕಿವಿಗೆ, ದನಿ ಇನ್ನೊಂದು ಕಿವಿಗೆ ಹೋಗಿ ಹಾಡು ಬಿಡಿಬಿಡಿಯಾಗುತ್ತದೆ, ಕೆಲವು ಸಲ ಹಾಡುಗಾರ ಹಾಡಿದ್ದೇ ಬೇರೆ ಸಲದ್ದು ಇರುತ್ತದೆ. ಫೋನಿನಲ್ಲಿ ನಿಮಗೆ ಸಿಗುವುದು ಎಷ್ಟೋ ಸಲ ಆ ಸ್ಟೀರಿಯೊ. ಒಂದೇ ಹಾಡನ್ನು ಎರಡೂ ಥರ ಕೇಳಿ ನೋಡಿ. 45ರಲ್ಲಿ ಎಲ್ಲ ಒಟ್ಟಿಗೆ ಎದೆಗೆ ಗುದ್ದಿದ ಹಾಗೆ ಬರುತ್ತದೆ. ಮೂರು ಪೌಂಡಿನ ರೆಕಾರ್ಡಿಗೂ ಈ ಗುದ್ದು ಇದೆ, ಅದನ್ನು ಮರೆಯಬೇಡಿ.

ಇನ್ನು ಹೊಸ ಕಾಪಿ ಕೊಂಡರೆ ನಗುತ್ತಾರಾ? ನಗುತ್ತಾರೆ, ನೀವು ಡಿಜೆ ಆದರೆ. ಈ ಮಂದಿಯಲ್ಲಿ ಓವಿಓ ಅಂತ ಒಂದು ನಿಯಮ, ಅಂದರೆ ಒರಿಜಿನಲ್ ವಿನೈಲ್ ಮಾತ್ರ. ವೇದಿಕೆ ಮೇಲೆ ಹೊಸ ಕಾಪಿ ಹಾಕಿದರೆ ಮಡಿ ಕೆಟ್ಟ ಹಾಗೆ. ಮನೆಯಲ್ಲಿ ಕೇಳುವವರಿಗೆ ಈ ಮಡಿ ಯಾಕೆ ಬೇಕು? ಇನ್ನೊಂದು ವಿಷಯ ಯಾರೂ ಬಾಯಿಬಿಟ್ಟು ಹೇಳೋದಿಲ್ಲ. ಆ 400 ಪೌಂಡ್ ಒರಿಜಿನಲ್‌ನಲ್ಲಿ ಹಾಡಿದವರಿಗೆ ಒಂದು ಪೆನ್ನಿಯೂ ಹೋಗೋದಿಲ್ಲ, ಅದು ಸೆಕೆಂಡ್ ಹ್ಯಾಂಡ್ ಮಾಲು. ಸರಿಯಾಗಿ ಹಕ್ಕು ಪಡೆದು ಒತ್ತಿದ ಹೊಸ ಕಾಪಿಯಲ್ಲಾದರೆ ಅವರಿಗೋ ಅವರ ಮನೆಯವರಿಗೋ ಸ್ವಲ್ಪ ಸಿಗುವ ದಾರಿಯಾದರೂ ಇದೆ. ಲಂಡನ್ನಿನ ಏಸ್ ಕಂಪನಿಯವರ ಕೆಂಟ್ ಲೇಬಲ್ 1982ರಿಂದ ಈ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿದೆ. ಅವರ ಒಂದು ಸಂಕಲನ ಕೊಂಡರೆ ಇಪ್ಪತ್ತಕ್ಕೂ ಹೆಚ್ಚು ಹಾಡು, ಜೊತೆಗೆ ಪ್ರತಿ ಹಾಡಿನ ಪೂರ್ವಾಪರ ಬರೆದ ಪುಸ್ತಿಕೆ. ನಿಮ್ಮ ಮೊದಲ ಖರ್ಚು ಅದೇ ಆಗಲಿ.

ಹೊಸ ಕಾಪಿ ಬೇರೆ, ಬೂಟ್‌ಲೆಗ್ ಬೇರೆ. ಹಕ್ಕಿಲ್ಲದೆ ಕದ್ದು ಒತ್ತಿದ್ದು ಬೂಟ್‌ಲೆಗ್. 70ರ ದಶಕದಲ್ಲಿ ಒತ್ತಿದ ಬೂಟ್‌ಲೆಗ್‌ಗಳಿಗೂ ಈಗ ಐವತ್ತು ವರ್ಷ ವಯಸ್ಸು, ನೋಡೋಕೆ ಹಳೆಯದೇ ಅನ್ನಿಸುತ್ತದೆ. ನಾನು ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ರೆಕಾರ್ಡ್ ಸಂತೆಯಲ್ಲಿ 60 ಪೌಂಡ್ ಕೊಟ್ಟು ಹೀಗೇ ಒಂದನ್ನು ತಂದೆ, ಮಾರಿದವನು ಆಣೆ ಹಾಕಿ ಒರಿಜಿನಲ್ ಅಂದಿದ್ದ. ಮನೆಗೆ ಬಂದು ದೀಪದ ಕೆಳಗೆ ಹಿಡಿದಾಗ ಲೇಬಲ್ಲಿನ ಅಕ್ಷರ ಸ್ವಲ್ಪ ಮಸುಕು, ಜೆರಾಕ್ಸ್ ತೆಗೆದ ಹಾಗೆ. ಅಷ್ಟೇ ಆಗಿದ್ದರೆ ಸುಮ್ನೆ ಇರುತ್ತಿದ್ದೆನೋ ಏನೋ. ಆದರೆ ಹಾಡು ಮುಗಿದ ಮೇಲೆ ಲೇಬಲ್ಲಿಗೂ ಗೆರೆಗಳಿಗೂ ನಡುವೆ ಒಂದು ಖಾಲಿ ಪಟ್ಟಿ ಇರುತ್ತೆ ನೋಡಿ, ಅಲ್ಲಿ ಒರಿಜಿನಲ್‌ಗೆ ಮೆಷೀನಿನಿಂದ ಒತ್ತಿದ ಗುರುತು ಇರಬೇಕಿತ್ತು. ನನ್ನದರಲ್ಲಿ ಯಾರೋ ಮೊಳೆಯಲ್ಲಿ ಕೆರೆದ ಹಾಗೆ ನಾಲ್ಕು ಅಂಕಿ. ಅವನನ್ನು ಹುಡುಕಿಕೊಂಡು ಮುಂದಿನ ತಿಂಗಳು ಹೋದೆ, ಮೇಜೇ ಇರಲಿಲ್ಲ.

ಆ ಖಾಲಿ ಪಟ್ಟಿಯೇ ರೆಕಾರ್ಡಿನ ಜಾತಕ. ಯಾವ ಸ್ಟುಡಿಯೊದಲ್ಲಿ ಕತ್ತರಿಸಿದ್ದು, ಯಾವ ಫ್ಯಾಕ್ಟರಿಯಲ್ಲಿ ಒತ್ತಿದ್ದು ಎಲ್ಲ ಅಲ್ಲಿರುತ್ತದೆ. ಲಾಸ್ ಏಂಜಲೀಸಿನ ಮೊನಾರ್ಕ್ ಫ್ಯಾಕ್ಟರಿಯವರು ಒಂದು ಸಣ್ಣ ತ್ರಿಕೋನ ಹಾಕಿ ಪಕ್ಕದಲ್ಲಿ ನಂಬರ್ ಬರೆಯುತ್ತಿದ್ದರು. ದುಡ್ಡು ಕೊಡೋ ಮೊದಲು ರೆಕಾರ್ಡುಗಳ ವಿವರ ಇರುವ ವೆಬ್‌ಸೈಟ್ ಡಿಸ್ಕಾಗ್ಸ್‌ನಲ್ಲಿ ಆ ಗುರುತನ್ನು ಹೋಲಿಸಿ ನೋಡಿ. ಎದುರಿಗೇ ಫೋನ್ ತೆಗೆದು ನೋಡಿ, ನಾಚಿಕೆ ಬೇಡ. ಸಾಚಾ ವ್ಯಾಪಾರಿ ಬೇಜಾರು ಮಾಡಿಕೊಳ್ಳೋದಿಲ್ಲ.

ಇದಕ್ಕೆ ಸೇರಿದ್ದೇ ಸ್ಟೈರೀನ್ ವಿಷಯ, ಭಾರತದಿಂದ ಬಂದವರಿಗೆ ಇದು ಗೊತ್ತಿರೋದಿಲ್ಲ. ಅಮೆರಿಕದ 45ಗಳಲ್ಲಿ ಬಹಳಷ್ಟು ವಿನೈಲೇ ಅಲ್ಲ, ಪಾಲಿಸ್ಟೈರೀನ್. ಅಚ್ಚಿಗೆ ಪ್ಲಾಸ್ಟಿಕ್ ಸುರಿದು ಮಾಡೋದು, ಅಗ್ಗ. ಲೇಬಲ್ಲನ್ನು ಆಮೇಲೆ ಅಂಟಿಸುತ್ತಾರೆ. ವಿನೈಲ್ ಸ್ವಲ್ಪ ಬಳುಕುತ್ತದೆ, ಸ್ಟೈರೀನ್ ಬಳುಕೋದಿಲ್ಲ, ಪಟ್ ಅಂತ ಮುರಿಯುತ್ತದೆ. (ಬಗ್ಗಿಸಿ ಪರೀಕ್ಷೆ ಮಾಡೋಕೆ ಹೋಗಬೇಡಿ ಮಾರಾಯರೇ, ಉಗುರಿನಿಂದ ಮೆಲ್ಲಗೆ ತಟ್ಟಿ, ಟಿಕ್ ಅಂತ ಗಡುಸಾಗಿ ಕೇಳುತ್ತದೆ.) ಇದರಿಂದ ಎರಡು ಪಾಠ. ಒಂದು, ಸ್ಟೈರೀನಿನಲ್ಲಿ ಮಾತ್ರ ಬಂದಿದ್ದ ಹಾಡು ನಿಮಗೆ ವಿನೈಲಿನಲ್ಲಿ ಸಿಕ್ಕಿದರೆ ಅನುಮಾನ ಪಡಿ. ನನ್ನ 60 ಪೌಂಡಿನದೂ ಅದೇ ಕೇಸು. ಎರಡು, ಸ್ಟೈರೀನ್ ಬೇಗ ಸವೆಯುತ್ತದೆ. ಮೊಂಡು ಸೂಜಿಯಲ್ಲಿ ಹತ್ತಿಪ್ಪತ್ತು ಸಲ ಹಾಕಿದ್ದರೆ ಕಣ್ಣಿಗೆ ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ, ಹಾಕಿದರೆ ಹಾಡಿನ ತುಂಬ ಒಗ್ಗರಣೆ ಚಟಪಟ. ಆದ್ದರಿಂದ ಕೇಳಿಸಿ ಅನ್ನಿ. ಕೇಳಿಸೋದಿಲ್ಲ ಅಂದರೆ ಬೇಡ ಅನ್ನಿ.

ಸ್ಥಿತಿ ಬಗ್ಗೆ ಮಿಂಟ್, ಎಕ್ಸೆಲೆಂಟ್, ವೆರಿ ಗುಡ್ ಅಂತೆಲ್ಲ ಬರೆದಿರುತ್ತಾರೆ. ಇಲ್ಲಿ ವೆರಿ ಗುಡ್ ಅಂದರೆ ವೆರಿ ಗುಡ್ ಅಲ್ಲ, ಗೀರು ಇದೆ, ಸದ್ದೂ ಇದೆ ಅಂತ. ಬರೀ ಗುಡ್ ಅಂದರೆ ಹತ್ತಿರ ಹೋಗಬೇಡಿ. ಲೇಬಲ್ ಮೇಲೆ ಯಾರದೋ ಹೆಸರು ಬರೆದಿದ್ದರೆ ಬೆಲೆ ಇಳಿಯುತ್ತದೆ, ಹಾಡಿಗೆ ಏನೂ ಆಗಿರೋದಿಲ್ಲ. ಅಂಥದ್ದನ್ನೇ ಹುಡುಕಿ ಕೊಳ್ಳಿ. 1966ರಲ್ಲಿ ಯಾವುದೋ ಹುಡುಗಿ ಪಾರ್ಟಿಗೆ ಒಯ್ಯುವಾಗ ಕಳೆದುಹೋಗಬಾರದು ಅಂತ ಹೆಸರು ಬರೆದ ರೆಕಾರ್ಡ್ ನನಗೆ ಹೊಸದಕ್ಕಿಂತ ಇಷ್ಟ.

ಪ್ಲೇಯರ್ ವಿಷಯ ಚಿಕ್ಕದಾಗಿ ಹೇಳಿಬಿಡ್ತೀನಿ. ಸೂಟ್‌ಕೇಸಿನ ಥರ ಮುಚ್ಚಳ ಇರುವ ಚೆಂದದ ಪ್ಲೇಯರ್ ಕೊಳ್ಳಬೇಡಿ, ಬಹುತೇಕ ಅದರ ಸೂಜಿ ಬಹಳ ಭಾರ ಹಾಕುತ್ತದೆ, ಸ್ಟೈರೀನಿಗೆ ಯಮ. ತೂಕ ಹೊಂದಿಸೋಕೆ ಬರುವ ಸೆಕೆಂಡ್ ಹ್ಯಾಂಡ್ ಟರ್ನ್‌ಟೇಬಲ್ ತಗೊಳ್ಳಿ, ದುಂಡು ತುದಿಯ ಸೂಜಿ ಹಾಕಿಸಿ, ಆ ಸೂಜಿ ಕೂರಿಸುವ ಕಾರ್ಟ್ರಿಜ್‌ನವರು ಹೇಳಿದಷ್ಟೇ ತೂಕ ಇಡಿ. ಅಮೆರಿಕದ 45ಕ್ಕೆ ನಡುವೆ ದೊಡ್ಡ ತೂತು ಇರುತ್ತದೆ, ಅದಕ್ಕೊಂದು ಅಡಾಪ್ಟರ್ ಬೇಕು, ಚಿಲ್ಲರೆ ಕಾಸಿಗೆ ಸಿಗುತ್ತದೆ. ಊರಿನಲ್ಲಿ ತಾತನ ಕಾಲದ ಕನ್ನಡ ಸಿನಿಮಾ ಪ್ಲೇಟುಗಳು ಇದ್ದರೆ, ಅದೇ ಎಚ್‌ಎಂವಿಯ ನಾಲ್ಕು ಹಾಡಿನ ಚಿಕ್ಕ ಇಪಿಗಳು, ಅವೂ 45ರ ವೇಗದವೇ, ಇದೇ ಪ್ಲೇಯರಿನಲ್ಲಿ ಓಡುತ್ತವೆ. ಅದಕ್ಕೂ ಹಳೆಯ ದಪ್ಪನೆಯ 78ರ ಪ್ಲೇಟನ್ನು ಮಾತ್ರ ಇದೇ ಸೂಜಿಯಲ್ಲಿ ಹಾಕಬೇಡಿ, ಅದರ ಗೆರೆ ಅಗಲ, ಸೂಜಿಯೇ ಬೇರೆ.

ರಜೆಗೆ ಊರಿಗೆ ಹೋಗುವಾಗ ರೆಕಾರ್ಡ್ ಒಯ್ಯೋದಾದರೆ ಕೈಚೀಲದಲ್ಲೇ ಇಟ್ಟುಕೊಳ್ಳಿ. ಮನೆಯಲ್ಲಿ ಒಂದರ ಮೇಲೊಂದು ಪೇರಿಸಬೇಡಿ, ಪುಸ್ತಕದ ಹಾಗೆ ನೆಟ್ಟಗೆ ನಿಲ್ಲಿಸಿ. ಪಿವಿಸಿ ಕವರ್ ತೆಗೆದು ಪಾಲಿಥೀನ್ ಕವರ್ ಹಾಕಿ, ಪಿವಿಸಿ ವರ್ಷಗಳು ಕಳೆದ ಹಾಗೆ ರೆಕಾರ್ಡಿನ ಮೇಲೆ ಮಂಜು ಕವಿದ ಹಾಗೆ ಕಲೆ ಬಿಡುತ್ತದೆ. ಮತ್ತೆ ಅಮ್ಮನಿಗೆ ಹೇಳಿ, ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಕಿಟಕಿ ಪಕ್ಕದ ಮೇಜಿನ ಮೇಲೆ ಬಿಟ್ಟರೆ ಸಂಜೆಗೆ ಹಪ್ಪಳ ಆಗಿರುತ್ತದೆ.